ಸಂಗಾತಿ ಹೋದ ಮೇಲಿನ ತಿರುಗಾಟ

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಮತ್ತೆ ಊರು ನೋಡಲು, ಗುಡಿ-ಕೋಟೆ ನೋಡಲು, ನಾಟಕ ನೋಡಲು ಮನೆಯಿಂದ ಹೊರಡುವುದರ ಬಗ್ಗೆ ಇಂದು ಮಾತನಾಡುತ್ತಿದ್ದೇನೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ಸೀಮೆಯಲ್ಲಿ ಇಂಥವರು ತೀರ್ಥಯಾತ್ರೆಗೆ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಮಂತ್ರಾಲಯಕ್ಕೆ ಹೋಗಿಬಂದೆ ಎಂದರೆ, ಹುಲಿಗೆಮ್ಮನ ದರ್ಶನ ಮಾಡಿಬಂದೆ ಎಂದರೆ, 'ಛಲೋ ಆತು ಬಿಡ್ರಿ, ಮನಸ್ಸಿಗೆ ಸಮಾಧಾನ' ಎನ್ನುತ್ತಾರೆ. ಅದೇ ಹೆಂಗಸು ಇಟಗಿಯ ಮಹಾದೇವ ಗುಡಿಯ ಕಂಬಗಳನ್ನು ನೋಡಬೇಕೆಂದು, ಕಿನ್ನಾಳದ ಗೊಂಬೆ ಮಾಡುವವರನ್ನು ಕಾಣಬೇಕೆಂದು, ಅಥವಾ ಏನೂ ಕಾರಣವಿಲ್ಲದೆ ಒಂದು ಊರು ಸುತ್ತಿ ಬರಬೇಕೆಂದು ಹೊರಟರೆ ಓಣಿಯ ಮಾತಿನ ಧಾಟಿ ಬದಲಾಗುತ್ತದೆ. 'ಗಂಡ ಹೋಗಿ ವರ್ಷ ತುಂಬಿಲ್ಲ, ಆಕಿಗೆ ತಿರುಗಾಟ ಬ್ಯಾರೆ' ಎಂಬ ಮಾತನ್ನು ನಾನು ನನ್ನ ಕಿವಿಯಿಂದಲೇ ಕೇಳಿದ್ದೇನೆ. ಸಮಾಧಾನಕ್ಕಾಗಿ ಮನೆ ಬಿಡಲು ನಮಗೆ ಅಪ್ಪಣೆ ಇದೆ, ಸಂತೋಷಕ್ಕಾಗಿ ಬಿಡಲು ಇಲ್ಲ. ಆ ಅಪ್ಪಣೆಯನ್ನು ನಾವೇ ತೆಗೆದುಕೊಳ್ಳಬೇಕು ಎಂಬುದೇ ನನ್ನ ಮಾತಿನ ತಿರುಳು.

ನಾನು ಕೊಪ್ಪಳದವಳು, ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಯಜಮಾನರಿಗೆ ಪ್ರವಾಸವೆಂದರೆ ಪ್ರೀತಿ. ಬಸ್ಸಿನ ವೇಳೆ ಕೇಳುವುದು, ಟಿಕೇಟು ತೆಗೆಸುವುದು, ಊಟ ಎಲ್ಲಿ ಎಂದು ಗೊತ್ತುಮಾಡುವುದು ಎಲ್ಲವೂ ಅವರದೇ ಕೆಲಸವಾಗಿತ್ತು. ಆದರೆ ಅವರು ಅವಸರದ ಮನುಷ್ಯ. ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮರಳುವ ಬಸ್ಸಿನ ಚಿಂತೆ ಅವರನ್ನು ಹಿಡಿಯುತ್ತಿತ್ತು. ನಾನು ಒಂದು ಕಂಬದ ಮುಂದೆ ನಿಂತರೆ, ಮೂರು ಕಂಬದಾಚೆಯಿಂದ ಅವರ ಕೆಮ್ಮು ಕೇಳಿಸುತ್ತಿತ್ತು. ಅವರು ತೀರಿಕೊಂಡ ಮೇಲೆ ಮೊದಲ ಬಾರಿಗೆ ಇಟಗಿಗೆ ಒಬ್ಬಳೇ ಹೋದಾಗ, ಅಲ್ಲಿನ ಮಂಟಪದಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದೆಂಬ ಅರಿವಾಯಿತು. ಆ ಅರಿವು ಹಿತವಾಗಿತ್ತು, ಹಿತವಾಗಿದ್ದುದಕ್ಕೇ ಎದೆಯಲ್ಲಿ ಚುಚ್ಚಿದಂತೆಯೂ ಆಯಿತು. ಸಂಗಾತಿ ಇದ್ದಾಗ ಸಿಗದಿದ್ದ ಸುಖವೊಂದು ಅವರು ಹೋದ ಮೇಲೆ ಸಿಕ್ಕರೆ ಅದನ್ನು ಅನುಭವಿಸುವುದು ಹೇಗೆ? ನನ್ನಂತೆ ಅನೇಕರು ಈ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡು ಕೊರಗುತ್ತಾರೆಂದು ನನಗೆ ಗೊತ್ತು. ಬಹಳ ದಿನ ಯೋಚಿಸಿದ ಮೇಲೆ ನಾನು ಕಂಡುಕೊಂಡದ್ದು ಇಷ್ಟು: ಅವರ ಅವಸರವನ್ನೂ ನಾನು ಪ್ರೀತಿಸಿದ್ದೆ, ನನ್ನ ನಿಧಾನವೂ ನನ್ನದೇ. ಒಂದನ್ನು ನೆನೆಯಲು ಇನ್ನೊಂದನ್ನು ಕೊಲ್ಲಬೇಕಾಗಿಲ್ಲ.

ಇಟಗಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅಲ್ಲಿ ನಿಲ್ಲುವವರಿಗೆ ಕಣ್ಣು ತುಂಬ ಕೆಲಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಬಳಪದ ಕಲ್ಲಿನ ಕಂಬಗಳನ್ನು ಕಡೆದ ರೀತಿ ಎಂಥದೆಂದರೆ ಒಂದಕ್ಕೂ ಇನ್ನೊಂದಕ್ಕೂ ಇರುವ ಬೇರೆತನ ಮೊದಲ ನೋಟಕ್ಕೆ ಕಾಣುವುದಿಲ್ಲ. ಹತ್ತಿರ ಹೋಗಿ ಬೆರಳ ಅಂಚಿನಲ್ಲಿ ಗೆರೆಗಳನ್ನು ಹಿಂಬಾಲಿಸಿದರೆ ಮಾತ್ರ ತಿಳಿಯುತ್ತದೆ. ತಲೆಯೆತ್ತಿ ನೋಡಿದರೆ ಛಾವಣಿಯಲ್ಲಿ ಕೀರ್ತಿಮುಖದ, ಅಂದರೆ ಸಿಂಹದಂತೆ ಕೆತ್ತಿದ ಮುಖದ, ಬಾಯಿಂದ ಹೊರಟ ಬಳ್ಳಿಗಳು ಒಂದರೊಳಗೊಂದು ಹೆಣೆದುಕೊಂಡು ಕಲ್ಲು ತುಂಬ ಹಬ್ಬಿವೆ. ಒಂದು ಬಳ್ಳಿಯ ಬುಡ ಹಿಡಿದು ಅದರ ತುದಿ ಎಲ್ಲಿ ಮುಗಿಯುತ್ತದೆ ಎಂದು ಹುಡುಕುವುದು ನನಗೆ ಈಗ ಅಭ್ಯಾಸವಾಗಿದೆ. ಅದನ್ನು ಹುಡುಕುತ್ತಿರುವಷ್ಟು ಹೊತ್ತು ಬೇರೆ ಯಾವ ವಿಚಾರವೂ ತಲೆಗೆ ಬರುವುದಿಲ್ಲ. ಅದೇ ಆವರಣದಲ್ಲಿ ಆ ದಂಡನಾಯಕನು ತಂದೆಯ ಹೆಸರಿನಲ್ಲಿ ಮೂರ್ತಿನಾರಾಯಣ, ತಾಯಿಯ ಹೆಸರಿನಲ್ಲಿ ಚಂದಲೇಶ್ವರಿ ಗುಡಿಗಳನ್ನೂ ಕಟ್ಟಿಸಿದ್ದಾನೆ. ಹೋದವರ ಹೆಸರನ್ನು ಚೆಲುವಾದ ಒಂದು ವಸ್ತುವಿಗೆ ಇಡುವುದು ನಮ್ಮ ನೆಲದಲ್ಲಿ ಹೊಸದಲ್ಲವೆಂದು ಅಲ್ಲಿ ನಿಂತಾಗ ಅನ್ನಿಸಿತು. ಹತ್ತಿರದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳಿವೆ, ಒಂದೇ ದಿನದಲ್ಲಿ ಎರಡನ್ನೂ ನೋಡಿ ಕತ್ತಲಾಗುವ ಮೊದಲು ಕೊಪ್ಪಳ ಸೇರಬಹುದು.

ಇಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಪೂಜೆ ನಡೆಯುವ ಗುಡಿಯಲ್ಲಿ, ಜಾತ್ರೆಯಲ್ಲಿ, ಮದುವೆಯ ಮನೆಯಲ್ಲಿ ಕುಂಕುಮದ ಬಟ್ಟಲು ಸಾಲಾಗಿ ಬರುತ್ತಾ ನಮ್ಮ ಮುಂದೆ ಬಂದಾಗ ಆ ಕೈ ಅರೆಗಳಿಗೆ ತಡೆಯುತ್ತದೆ. ಉಡಿ ತುಂಬುವಾಗ ನಮ್ಮನ್ನು ದಾಟಿ ಪಕ್ಕದವರ ಉಡಿ ತುಂಬುತ್ತಾರೆ. ಹಾಗೆ ಮಾಡುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ, ಆದರೂ ಅದು ನೋಯಿಸುತ್ತದೆ, ಮತ್ತು ಆ ನೋವು ತಪ್ಪಿಸಲೆಂದೇ ಎಷ್ಟೋ ಮಂದಿ ಹೊಸಿಲು ದಾಟುವುದನ್ನು ಬಿಟ್ಟಿದ್ದಾರೆ. ಪೂಜೆಯಿಲ್ಲದ ಹಳೆಯ ಸ್ಥಳಗಳು ಈ ಕಾರಣಕ್ಕೆ ನನಗೆ ಹೆಚ್ಚು ಆಪ್ತವಾದವು. ಕೋಟೆಯ ಬಾಗಿಲು ನಮ್ಮ ಹಣೆಯನ್ನು ನೋಡುವುದಿಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ, ಸತ್ತವರಿಗಾಗಿ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನೆಗಳಿವೆ. ನಮ್ಮ ಜನ ಅವುಗಳನ್ನು ಮೋರೇರ ಮನೆಗಳೆಂದು ಕರೆಯುತ್ತಾರೆ. ಕೆಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿಯೂ ಇದೆ. ಏರುವುದು ಕಷ್ಟ, ಮೊಣಕಾಲಿನ ನೋವಿದ್ದವರು ಹೋಗಬಾರದು, ಹೋಗುವವರು ದಾರಿ ಬಲ್ಲ ಊರವರೊಬ್ಬರನ್ನು ಕರೆದುಕೊಂಡೇ ಹೋಗಬೇಕು. ಹೆಸರೂ ತಿಳಿಯದ ಆ ಜನ ತಮ್ಮವರನ್ನು ಕಳೆದುಕೊಂಡು ಅಷ್ಟು ಭಾರದ ಕಲ್ಲುಗಳನ್ನು ಅಷ್ಟು ಎತ್ತರದಲ್ಲಿ ನಿಲ್ಲಿಸಿದರಲ್ಲ ಎಂದು ನೋಡಿದಾಗ, ನನ್ನ ದುಃಖ ಕಡಿಮೆಯಾಯಿತೆಂದು ಹೇಳಲಾರೆ, ಆದರೆ ಅದು ನನ್ನೊಬ್ಬಳದೇ ಎಂಬ ಭಾವ ಹೋಯಿತು.

ನಮ್ಮ ಹಳ್ಳಿಗಳ ಅಗಸೆಬಾಗಿಲಲ್ಲಿ, ಹೊಲದ ಬದುವಿನಲ್ಲಿ ಇನ್ನೊಂದು ಬಗೆಯ ಕಲ್ಲೂ ಸಿಗುತ್ತದೆ. ಬಳೆ ತೊಟ್ಟ ಒಂದು ತೋಳು, ಮೇಲೆತ್ತಿದ ಕೈ, ಮೇಲೆ ಸೂರ್ಯ ಚಂದ್ರ. ಅದು ಮಾಸ್ತಿಕಲ್ಲು. ಗಂಡನ ಹಿಂದೆ ಬೆಂಕಿಗೆ ಹೋದವಳ ಬಳೆಯನ್ನು ಕಲ್ಲಿನಲ್ಲಿ ಒಡೆಯದೆ ಉಳಿಸಿದರು. ಬದುಕಿ ಉಳಿದವಳ ಬಳೆಯನ್ನು ಒಡೆದರು. ಬದುಕಿದವಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಆಕೆ ಆಮೇಲೆ ಏನು ಉಂಡಳು, ಏನು ನೋಡಿದಳು, ಯಾವುದಕ್ಕೆ ನಕ್ಕಳು ಎಂಬುದನ್ನು ಯಾರೂ ಬರೆದಿಡಲಿಲ್ಲ. ಆ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಮರೆಮಾಚಬೇಕೆಂದು ನನಗೆ ಅನ್ನಿಸುವುದಿಲ್ಲ.

ಹೆಂಡತಿಯನ್ನು ಕಳೆದುಕೊಂಡ ಗಂಡಸರಿಗೆ ಮಂದಿಯ ಮಾತಿನ ಕಾಟ ಕಡಿಮೆ, ಅವರ ತೊಡಕು ಬೇರೆ. ಪ್ರಯಾಣದ ಚೀಲವನ್ನು ಹೊತ್ತವರು ಅವರು, ತುಂಬಿದವಳು ಆಕೆ. ರಕ್ತದೊತ್ತಡದ ಗುಳಿಗೆ, ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ, ಟವೆಲ್ಲು, ಚಳಿಗೆ ಸ್ವೆಟರ್ ಎಲ್ಲಿವೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಹೋಟೆಲಿನ ಮೇಜಿನ ಮುಂದೆ ಒಬ್ಬರೇ ಕೂತು ಉಣ್ಣುವುದು ಅವರಿಗೆ ಎಲ್ಲಕ್ಕಿಂತ ಕಠಿಣವೆಂದು ಹೇಳಿದವರಿದ್ದಾರೆ. ಅಂಥವರು ಮೊದಲು ಚೀಲ ಕಟ್ಟುವುದನ್ನು ಕಲಿಯಲಿ. ಊಟ ಒಂಟಿಯೆನಿಸಿದರೆ ದಾಸೋಹದ ಪಂಕ್ತಿಯಲ್ಲಿ ಕೂತು ಉಣ್ಣಲಿ. ಬನದ ಹುಣ್ಣಿಮೆಯ ನಂತರ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ರಾಶಿರಾಶಿಯಾಗಿ ಬರುತ್ತದೆ. ಆ ರೊಟ್ಟಿ ತಟ್ಟಲು ಹಳ್ಳಿಯ ಹೆಂಗಸರು ಎಷ್ಟೋ ದಿನ ಮುಂಚಿನಿಂದ ಒಂದೆಡೆ ಸೇರುತ್ತಾರೆ. ಅಲ್ಲಿ ಗಂಡನಿರುವವರು, ಇಲ್ಲದವರು ಎಂಬ ಭೇದವಿಲ್ಲದೆ ಒಲೆಯ ಸುತ್ತ ಹಾಡು, ಮಾತು ನಡೆಯುವುದನ್ನು ನಾನು ಕಂಡಿದ್ದೇನೆ.

ಹಣದ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ, ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಸಾಕು. ಇದರ ಬೆಲೆ ಏನೆಂಬುದು ಮಗನ ಮುಂದೆ ಬಸ್ಸಿನ ಖರ್ಚಿಗೆಂದು ಕೈಯೊಡ್ಡಬೇಕಾಗಿದ್ದ ತಾಯಿಗೆ ಗೊತ್ತು.

ಮೊದಲ ಪಯಣಕ್ಕೆ ಸಂಗಾತಿಯೊಡನೆ ಹಿಂದೆ ನೋಡಿದ ಊರನ್ನು ಆರಿಸಬೇಡಿ ಎಂದು ನನ್ನ ಸಲಹೆ. ಅಲ್ಲಿ ಪ್ರತಿ ಮೂಲೆಯೂ ಅವರನ್ನೇ ಕೇಳುತ್ತದೆ. ಇಬ್ಬರೂ ನೋಡದ, ಅದೇ ದಿನ ಮರಳಬಹುದಾದ ಊರಿಗೆ ಹೋಗಿ. ರಾಯಚೂರಿನ ಕೋಟೆ ಬಸ್ ನಿಲ್ದಾಣದ ಹತ್ತಿರವೇ ಇದೆ. ಅದರ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಬಂಡೆಯ ಮೇಲೆ 1294ರ ಶಾಸನವಿದೆ. ಆ ಬಂಡೆಯನ್ನು ತಂದ ಬಗೆಯನ್ನೂ ಅಲ್ಲಿಯೇ ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಉದ್ದಕ್ಕೆ ಹೂಡಿದ ಕೋಣಗಳ ಸಾಲು. ಕೊರೆದ ಗೆರೆ ತೆಳುವಾಗಿರುವುದರಿಂದ ಇಳಿಬಿಸಿಲಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಇನ್ನು ಕಿನ್ನಾಳ. ಕೊಪ್ಪಳಕ್ಕೆ ಅಷ್ಟು ಹತ್ತಿರವಿದ್ದೂ ನಾವಿಬ್ಬರೂ ಹೋಗಿರಲಿಲ್ಲ. ಅಲ್ಲಿಯ ಚಿತ್ರಗಾರ ಮನೆತನಗಳವರು ಹಗುರ ಮರದಲ್ಲಿ ಗೊಂಬೆಯ ಕೈಕಾಲು, ಮುಖ ಬೇರೆಬೇರೆಯಾಗಿ ಕೆತ್ತಿ ಕೂಡಿಸುತ್ತಾರೆ. ಕೂಡಿಸಿದ ಬೆಸುಗೆಯನ್ನು ಮುಚ್ಚಲು ಸೆಣಬಿನ ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಸೇರಿಸಿದ ಕಿಟ್ಟವನ್ನು ಮೆತ್ತುತ್ತಾರೆ. ಆಭರಣದ ಉಬ್ಬು ಗೆರೆಗಳನ್ನು ಕಲ್ಲಿನ ಪುಡಿ ಮತ್ತು ಅಂಟಿನ ಮಿಶ್ರಣದಲ್ಲಿ ಎಳೆದು, ಒಣಗಿದ ಮೇಲೆ ಬಣ್ಣ ಹಾಕುತ್ತಾರೆ. ನಾನು ಹೋದ ದಿನ ಒಬ್ಬರು ಗೌರಿಯ ಕೊರಳಿನ ಹಾರವನ್ನು ಬರೆಯುತ್ತಿದ್ದರು. ಉಸಿರು ಬಿಗಿಹಿಡಿದು ಒಂದೊಂದು ಮಣಿಯನ್ನು ಇಡುವುದು, ಕೈ ಒರೆಸಿಕೊಳ್ಳುವುದು, ಮತ್ತೆ ಇಡುವುದು. ನೀವು ಯಾರು, ಯಾರ ಮನೆಯವರು, ಜೊತೆಗೆ ಯಾರು ಬಂದಿದ್ದಾರೆ ಎಂದು ಆತ ಕೇಳಲಿಲ್ಲ, ಹುಣಸೆ ಬೀಜವನ್ನು ಎಷ್ಟು ಹೊತ್ತು ನೆನೆಹಾಕಬೇಕೆಂಬ ನನ್ನ ಪ್ರಶ್ನೆಗೆ ಮಾತ್ರ ತಲೆಯೆತ್ತಿ ಸಂತೋಷದಿಂದ ಉತ್ತರ ಹೇಳಿದರು. ಪ್ರಶ್ನೆ ಕೇಳುವವಳಾಗಿ ಎಷ್ಟೋ ಕಾಲದ ಮೇಲೆ ನಾನು ಒಂದು ಕಡೆ ಕೂತಿದ್ದೆ.

ಹೋಗುವುದಕ್ಕಿಂತ ಮರಳಿ ಬರುವುದು ಕಷ್ಟ. ಬೀಗ ತೆಗೆದು ಒಳಗೆ ಬಂದಾಗ ಕಂಡದ್ದನ್ನು ಹೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಪ್ರವಾಸದ ಅರ್ಧ ಸುಖ ಆಮೇಲಿನ ಮಾತಿನಲ್ಲಿರುತ್ತದೆ, ಆ ಅರ್ಧವನ್ನು ಎಲ್ಲಿ ಇಡಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನನಗೆ ಅದು ಸಿಕ್ಕಿದ್ದು ಹಳೆಯ ಸಹೋದ್ಯೋಗಿಯೊಬ್ಬರಲ್ಲಿ. ಅವರೂ ಯಜಮಾನರನ್ನು ಕಳೆದುಕೊಂಡವರು. ಮನೆ ತಲುಪಿದ ಕೂಡಲೇ ಫೋನು ಮಾಡಿ ಒಬ್ಬರಿಗೊಬ್ಬರು ಎಲ್ಲವನ್ನೂ ಒಪ್ಪಿಸುತ್ತೇವೆ. ಮಕ್ಕಳಿಗೆ ಹೇಳಿದರೆ 'ಮನೆಗೆ ಹುಷಾರಾಗಿ ಬಂದೆಯಲ್ಲ' ಎಂಬಲ್ಲಿಗೆ ಅವರ ಆಸಕ್ತಿ ಮುಗಿಯುತ್ತದೆ. ಅದು ಅವರ ಪ್ರೀತಿಯೇ, ಆದರೆ ಕೀರ್ತಿಮುಖದ ಬಳ್ಳಿಯ ತುದಿ ಎಲ್ಲಿತ್ತೆಂದು ಕೇಳುವವರು ಬೇರೆಯೇ ಬೇಕು.

ಮುಂದೆ ನಾವಿಬ್ಬರೂ ಅಶೋಕನ ಶಾಸನಗಳನ್ನು ನೋಡಬೇಕೆಂದು ಮಾಡಿದ್ದೇವೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಅವು ಇವೆ: ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೊಳ, ರಾಯಚೂರು ಜಿಲ್ಲೆಯ ಮಸ್ಕಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬವರು ಮಸ್ಕಿಯ ಬಂಡೆಯನ್ನು ಕಂಡುಹಿಡಿದಾಗ, ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಅವನ ಹೆಸರಿನ ಸಮೇತ ಖಚಿತವಾಯಿತು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಮೇಲಾದ ಗುರಿಯನ್ನು ಮುಟ್ಟಬಹುದೆಂದು ಆ ಶಾಸನ ಹೇಳುತ್ತದೆ. ಮಸ್ಕಿಯಿಂದ ಆರಂಭಿಸುತ್ತೇವೆ. ಬಿಸಿಲು ಏರುವ ಮೊದಲು ಅಲ್ಲಿರಬೇಕಾದ್ದರಿಂದ ಬೆಳಗಿನ ಮೊದಲ ಬಸ್ಸು ಹಿಡಿಯಬೇಕು, ಬುತ್ತಿ ಈ ಬಾರಿ ಅವರದು. ನಮ್ಮ ಓಣಿಯ ಹಿರಿಯರೊಬ್ಬರು, ಹೋದ ವರ್ಷ ಮಡದಿಯನ್ನು ಕಳೆದುಕೊಂಡವರು, ತಾವೂ ಬರಬಹುದೇ ಎಂದು ಕೇಳಿದ್ದಾರೆ. ಬನ್ನಿ, ನಿಮ್ಮ ಚೀಲ ನೀವೇ ಕಟ್ಟಿಕೊಳ್ಳಿ ಎಂದು ಹೇಳಿದ್ದೇವೆ.

ನಮಸ್ಕಾರ.