ನಡೆದರೆ ಹಿಡಿಯುವ ಕಾಲು

ಕೇಳುಗರಿಗೆ ನಮಸ್ಕಾರ.

ರಾಯಚೂರಿನ ಗಂಜಿನಲ್ಲಿ ಮೂಟೆ ಹೊರುವ ಹಿರಿಯರೊಬ್ಬರು ಹೋದ ಬೇಸಿಗೆಯಲ್ಲಿ ನನ್ನ ಹತ್ತಿರ ಬಂದಿದ್ದರು. "ನೂರು ಹೆಜ್ಜಿ ನಡದ್ರ ಮೀನಖಂಡ ಹಿಡಕೊಂತೈತ್ರಿ ಸಾಹೇಬ್ರ. ತುಸು ನಿಂತ್ರ ಬಿಡ್ತೈತಿ. ಮತ್ತ ನಡದ್ರ ಮತ್ತ ಹಂಗ" ಅಂದರು. ವಾಯು ಎಂದುಕೊಂಡು ಎರಡು ವರ್ಷ ಎಣ್ಣೆ ತಿಕ್ಕಿಸಿದ್ದರಂತೆ. ಪಾದದ ಮೇಲೆ ಬೆರಳಿಟ್ಟು ನೋಡಿದೆ. ನಾಡಿ ಸಿಗಲಿಲ್ಲ.

ನಡೆದಾಗ ಹಿಡಿದು, ನಿಂತಾಗ ಬಿಡುವ ನೋವು ಬಹಳ ಸಲ ರಕ್ತನಾಳದ್ದು. ನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುತ್ತದೆ. ದುಡಿಯುವ ಸ್ನಾಯುವಿಗೆ ಸಾಕಾಗುವಷ್ಟು ರಕ್ತ ಬರುವುದಿಲ್ಲ. ತೋಳಿನ ಬಿಪಿಗೂ ಪಾದದ ಗಂಟಿನ ಬಿಪಿಗೂ ತಾಳೆ ನೋಡುತ್ತೇವೆ. ಪಾದದ್ದು ತೋಳಿನದರ 0.9 ಪಾಲು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರೋಗ ಇದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಈ ಲೆಕ್ಕ ತಪ್ಪಬಹುದು, ಅಂಥವರಿಗೆ ಶಬ್ದತರಂಗದಿಂದ ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಬೇಕು.

ಆ ಹಿರಿಯರ ಮೊದಲ ಪ್ರಶ್ನೆ: "ಕಾಲು ತೆಗೀತೀರೇನ್ರಿ?" ಈ ಹೆದರಿಕೆಗೇ ಎಷ್ಟೋ ಜನ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಇಲ್ಲ ಎಂದೆ. ಬೀಡಿ ಅವತ್ತೇ ಬಿಡಬೇಕು ಎಂದೆ. ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆ, ಕೊಬ್ಬಿಗೆ ಸ್ಟ್ಯಾಟಿನ್ ಬರೆದುಕೊಟ್ಟೆ. ಇವು ಹೃದಯವನ್ನೂ ಕಾಯುತ್ತವೆ. ಇನ್ನು ದೊಡ್ಡ ಔಷಧಿ ಎಂದರೆ ನಡಿಗೆಯೇ. ನೋವು ಬರುವ ತನಕ ನಡೆಯಿರಿ, ನಿಲ್ಲಿ, ನೋವು ಇಳಿದ ಮೇಲೆ ಮತ್ತೆ ನಡೆಯಿರಿ. ಹೀಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ 3 ದಿನ, 12 ವಾರ. ನೋವಿರುವ ಕಾಲನ್ನೇ ನಡೆಸು ಅಂತಾರಲ್ಲ ಎಂದು ಅವರ ಮನೆಯವರಿಗೆ ಸಿಟ್ಟು ಬಂದಿತ್ತು. ಆದರೂ ಅವರು ದಿನಾ ಬೆಳಿಗ್ಗೆ ಮಾವಿನಕೆರೆಯ ಕಡೆಗೆ ನಡೆದರು. ಮೂರು ತಿಂಗಳಿಗೆ ನೂರು ಹೆಜ್ಜೆ ಹೋಗಿ ಐದುನೂರಾಯಿತು.

ಎಲ್ಲರಿಗೂ ಇಷ್ಟರಲ್ಲೇ ಮುಗಿಯುವುದಿಲ್ಲ. ಮಲಗಿದಾಗಲೂ ಪಾದ ಉರಿಯುವುದು, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಹಾಯೆನಿಸುವುದು, ಗಾಯ ಮಾಯದಿರುವುದು, ಬೆರಳು ಕಪ್ಪಾಗುವುದು ಕಂಡರೆ ನಾಳವನ್ನು ಬೇಗ ತೆರೆಯಲೇಬೇಕು. ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ, ಬಲೂನು ಉಬ್ಬಿಸಿ ದಾರಿ ಅಗಲಿಸುತ್ತೇವೆ, ಬೇಕಾದರೆ ನಾಳ ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಇಡುತ್ತೇವೆ. ಇದೇ ಆಂಜಿಯೋಪ್ಲಾಸ್ಟಿ. ಇದು ಹೃದಯದ್ದೆಂದು ಜನ ತಿಳಿದಿದ್ದಾರೆ. ಅದು ಹುಟ್ಟಿದ್ದು ಕಾಲಿನಲ್ಲಿ: 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ನಾಳವನ್ನು ನಳಿಕೆಯಿಂದಲೇ ತೆರೆದರು. ಕಾಲು ಉಳಿಯಿತು. ಅಡಚಣೆ ಬಹಳ ಉದ್ದವಿದ್ದರೆ ರೋಗಿಯದೇ ಕಾಲಿನ ಸಿರೆ ತೆಗೆದು ಬೈಪಾಸ್, ಅಂದರೆ ರಕ್ತಕ್ಕೆ ಬಳಸುದಾರಿ, ಹಾಕುತ್ತೇವೆ.

ದಯವಿಟ್ಟು ತಣ್ಣಗಾದ ಪಾದಕ್ಕೆ ಬಿಸಿ ಇಟ್ಟಿಗೆಯ ಕಾವು ಕೊಡಬೇಡಿ. ಜೋಮು ಹಿಡಿದ ಕಾಲಿಗೆ ಸುಟ್ಟದ್ದೇ ಗೊತ್ತಾಗದು. ಒಮ್ಮೆಲೇ ಕಾಲು ತಣ್ಣಗಾಗಿ, ಬಿಳುಚಿ, ಬೆರಳು ಆಡದಂತಾದರೆ ಬೆಳಗಾಗಲೆಂದು ಕಾಯುವಂತಿಲ್ಲ. ಅಂಥ ಕಾಲನ್ನು ಉಳಿಸಲು ನಮಗೆ ಸಿಗುವುದು ಸುಮಾರು 6 ಗಂಟೆ. ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ, ಕಾಲು ಯಾವ ಹೊತ್ತಿಗೆ ತಣ್ಣಗಾಯಿತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.