ಅಪ್ಪನಿಗಾದರೆ ಚಿಕಿತ್ಸೆ, ಮಗನಿಗಾದರೆ ದಂಡವಾ?

ನಮಸ್ಕಾರ, ಮಡಿಕೇರಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಮಳೆ ಹೊಯ್ಯುತ್ತಿದೆ. ಶೀಟಿನ ಸದ್ದು ಮೈಕ್‌ಗೂ ಬರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಕಳೆದ ವಿಡಿಯೋದಲ್ಲಿ ಡ್ರಗ್ಸ್ ಚಟಕ್ಕೆ ಮೆದುಳಿಗೆ ಕರೆಂಟ್ ಕೊಡುವ ಚಿಕಿತ್ಸೆ ಬಗ್ಗೆ ಎರಡು ಮಾತು ಹೇಳಿದ್ದೆ. ಕೆಳಗೆ ಒಬ್ಬರು ಬರೆದಿದ್ದಾರೆ: "ಕೊಬ್ಬು ಜಾಸ್ತಿಯಾಗಿ ಡ್ರಗ್ಸ್ ತಗೊಂಡವನ ತಲೆಗೆ ಲಕ್ಷಗಟ್ಟಲೆ ಯಾಕೆ ಸುರೀಬೇಕು? ತೋಟದಲ್ಲಿ ನಾಲ್ಕು ದಿನ ಗೊಬ್ಬರ ಹೊರಿಸಿ, ಸರಿ ಹೋಗ್ತಾನೆ." ಅದಕ್ಕೆ ಲೈಕ್ ಮೇಲೆ ಲೈಕ್. ಓದಿ ಹೊಟ್ಟೆ ಉರಿಯಿತು.

ಅಣ್ಣ, ಒಂದು ಪ್ರಶ್ನೆ ಕೇಳುತ್ತೇನೆ. ಪಾರ್ಕಿನ್ಸನ್ ಬಂದು ಕೈ ನಡುಗುವ ನಿಮ್ಮ ಅಪ್ಪನಿಗೆ ಡಾಕ್ಟರು ಇದೇ ಆಪರೇಷನ್ ಬರೆದುಕೊಟ್ಟರೆ ಏನು ಮಾಡುತ್ತೀರಿ? ತೋಟ ಅಡವಿಟ್ಟಾದರೂ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೀರಿ. ಅದೇ ತಂತಿ, ಅದೇ ಬ್ಯಾಟರಿ. ಅಪ್ಪನಿಗಾದರೆ ಚಿಕಿತ್ಸೆ, ಮಗನಿಗಾದರೆ ದಂಡ. ಯಾಕೆ?

ಇದರ ಹೆಸರು ಡೀಪ್ ಬ್ರೇನ್ ಸ್ಟಿಮ್ಯುಲೇಷನ್, ಡಿಬಿಎಸ್. ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ತೆಳ್ಳನೆಯ ತಂತಿಯನ್ನು ಮೆದುಳಿನ ಆಳಕ್ಕೆ ಇಳಿಸುತ್ತಾರೆ. ಎದೆಯ ಚರ್ಮದ ಕೆಳಗೆ ಇಟ್ಟ ಬ್ಯಾಟರಿಯಿಂದ ಅಲ್ಲಿಗೆ ವಿದ್ಯುತ್ ಮಿಡಿತ ಹೋಗುತ್ತದೆ. ಪಾರ್ಕಿನ್ಸನ್‌ಗೆ ಅಮೆರಿಕದಲ್ಲಿ 2002ರಲ್ಲೇ ಒಪ್ಪಿಗೆ ಸಿಕ್ಕಿದೆ. ಚಟದ ವಿಷಯದಲ್ಲಿ ತಂತಿ ಇಳಿಯುವ ಜಾಗ ಬೇರೆ, ನ್ಯೂಕ್ಲಿಯಸ್ ಅಕಂಬೆನ್ಸ್. ಬೇಕು ಬೇಕು ಅನ್ನುವ ತುಡಿತಕ್ಕೂ ಈ ಜಾಗಕ್ಕೂ ನೇರ ಸಂಬಂಧ.

2019ರ ನವೆಂಬರ್‌ನಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಡಾ. ಅಲಿ ರೆಝಾಯಿ ತಂಡ ಓಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಡ್ರಗ್ಸ್ ಚಟಕ್ಕೆ ಇದನ್ನು ಮಾಡಿತು. ಅಮೆರಿಕದಲ್ಲಿ ಅದೇ ಮೊದಲು. ರೋಗಿಗೆ 33 ವರ್ಷ. ಅವನ ಚಟ ಶುರುವಾಗಿದ್ದು ಹೇಗೆ ಗೊತ್ತಾ? ಹುಡುಗನಾಗಿದ್ದಾಗ ಫುಟ್‌ಬಾಲ್ ಆಡಿ ಭುಜಕ್ಕೆ ಪೆಟ್ಟಾಯಿತು, ನೋವಿಗೆ ಮಾತ್ರೆ ಕೊಟ್ಟರು, ಅಲ್ಲಿಂದ. ಇದರಲ್ಲಿ ಕೊಬ್ಬು ಎಲ್ಲಿದೆ? ಮನೆ ಮನೆಯಲ್ಲೂ ಹಾಕಿ ಆಡುವ ಜಿಲ್ಲೆ ನಮ್ಮದು. ಪೆಟ್ಟು ತಿನ್ನದ ಹುಡುಗ ಯಾರಿದ್ದಾನೆ? ಓಪಿಯಾಯ್ಡ್ ಅಂದರೆ ಬರೀ ಹೆರಾಯಿನ್, ಅಫೀಮು ಅಲ್ಲ. ಟ್ರಮಡಾಲ್, ಟಪೆಂಟಡಾಲ್ ಥರದ ನೋವಿನ ಮಾತ್ರೆಗಳೂ ಅದೇ ಜಾತಿ. 2019ರ ಕೇಂದ್ರ ಸರ್ಕಾರದ ಸರ್ವೆ ಪ್ರಕಾರ ನಮ್ಮ ದೇಶದಲ್ಲಿ ನೂರಕ್ಕೆ ಇಬ್ಬರು ಓಪಿಯಾಯ್ಡ್ ಬಳಸುತ್ತಾರೆ.

ಈಗ ಗೊಬ್ಬರ ಹೊರಿಸುವ ವಿಚಾರಕ್ಕೆ ಬರೋಣ. ಇದನ್ನು ಗಮನವಿಟ್ಟು ಕೇಳಿ. ಬಲವಂತವಾಗಿ ಕೂಡಿಹಾಕಿ ಕೆಲವು ವಾರ ಬಿಡಿಸಿದಿರಿ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಡ್ರಗ್ಸ್ ತಡೆದುಕೊಳ್ಳುವ ಅವನ ದೇಹದ ಶಕ್ತಿ ಇಳಿದಿರುತ್ತದೆ. ತುಡಿತ ಮಾತ್ರ ಹಾಗೇ ಇರುತ್ತದೆ. ಹೊರಗೆ ಬಂದವನು ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಂತುಹೋಗುತ್ತದೆ. ಮನೆಯವರು "ಈಗ ಸರಿ ಹೋದ" ಅಂದುಕೊಂಡಿರುವ ಹೊತ್ತಲ್ಲೇ ಹುಡುಗ ಹೋಗಿಬಿಡುತ್ತಾನೆ. ನೀವು ಲೈಕ್ ಒತ್ತಿದ್ದು ಇದಕ್ಕೆ!

ಎಲ್ಲರ ತಲೆಗೂ ತಂತಿ ಹಾಕಿ ಅಂತ ನಾನು ಹೇಳುತ್ತಿಲ್ಲ. ಮೊದಲು ತುಡಿತ ತಗ್ಗಿಸುವ ಬುಪ್ರಿನಾರ್ಫಿನ್, ಮೆಥಡೋನ್ ಥರದ ಔಷಧಿ, ಜೊತೆಗೆ ಆಪ್ತಸಮಾಲೋಚನೆ. ಅವೆಲ್ಲ ಮತ್ತೆ ಮತ್ತೆ ಸೋತ ಮೇಲೆ, ಸಾವಿನ ಬಾಯಲ್ಲಿ ನಿಂತವನಿಗೆ ಇದು. ಆಪರೇಷನ್ ಅಂದ ಮೇಲೆ ಮೆದುಳಲ್ಲಿ ರಕ್ತಸ್ರಾವ, ಸೋಂಕಿನ ಅಪಾಯ ಇದ್ದೇ ಇದೆ. ನಿಮ್ಮ ಅಪ್ಪನಿಗೂ ಇದೆ. ಆದರೂ ಮಾಡಿಸುತ್ತೀರಿ, ಅಲ್ವಾ?

"ನಾಲ್ಕೇ ಜನಕ್ಕೆ ಮಾಡಿ ನೋಡಿದ್ದು" ಅಂತ ಇನ್ನೊಬ್ಬರು. ಹೌದು, ವೆಸ್ಟ್ ವರ್ಜೀನಿಯಾದ ಆ ಮೊದಲ ಪ್ರಯೋಗದಲ್ಲಿ ನಾಲ್ಕೇ ಜನ. ಇಬ್ಬರು ಪೂರ್ತಿ ಬಿಟ್ಟರು. ಒಬ್ಬರಿಗೆ ಬಳಕೆ ಕಡಿಮೆಯಾಯಿತು. ಒಬ್ಬರಿಗೆ ಯಂತ್ರ ತೆಗೆಯಬೇಕಾಯಿತು. ಬೇರೆ ಯಾವುದೂ ನಾಟದ ಜನ ಇವರು. ಅದರಲ್ಲಿ ಇಬ್ಬರು ಉಳಿದುಕೊಂಡರೆ ಸಾಲದಾ ನಿಮಗೆ?

"ಮೆದುಳು ಕೆಡಿಸುತ್ತಾರೆ" ಅಂತ ಮತ್ತೊಬ್ಬರು. ಚೀನಾದಲ್ಲಿ ಹೆರಾಯಿನ್ ಚಟದವರ ಮೆದುಳಿನ ಒಂದು ಭಾಗವನ್ನೇ ನಾಶ ಮಾಡುತ್ತಿದ್ದರು. 2004ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ನಿಲ್ಲಿಸಿತು, ಸರಿಯಾಗಿಯೇ ಮಾಡಿತು. ಡಿಬಿಎಸ್ ಹಾಗಲ್ಲ. ಕರೆಂಟ್ ಹೆಚ್ಚು ಕಡಿಮೆ ಮಾಡಬಹುದು, ಆಫ್ ಮಾಡಬಹುದು, ಬೇಡವಾದರೆ ತೆಗೆಯಬಹುದು. ನಮ್ಮಲ್ಲೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಇದೆ. ಮಾನಸಿಕ ಕಾಯಿಲೆಗೆ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ರೋಗಿಯ ಒಪ್ಪಿಗೆ ಬೇಕು, ಆ ಕಾಯ್ದೆಯಡಿಯ ಮಂಡಳಿಯ ಅನುಮತಿಯೂ ಬೇಕು. ಮದ್ಯ, ಮಾದಕ ವಸ್ತುವಿನ ದುರ್ಬಳಕೆಯಿಂದ ಬರುವ ತೊಂದರೆಗಳನ್ನು ಆ ಕಾಯ್ದೆಯೇ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ಕಾನೂನಿಗೆ ಅರ್ಥವಾಗಿದ್ದು ನಮಗೆ ಅರ್ಥವಾಗಲ್ಲ ಅಂದರೆ ಹೇಗೆ?

ಹಾಂ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲದವರು ಈಗಲೇ ಮಾಡಿ. ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದ ಗ್ರೂಪ್‌ಗಳಿಗೆಲ್ಲ ಈ ವಿಡಿಯೋ ಕಳಿಸಿ. ಬೈಯುವವರಿಗೆ ಮೊದಲು ಕಳಿಸಿ.

ಇನ್ನೊಂದು ಕಾಮೆಂಟು. "ಇಗ್ಗುತಪ್ಪನ ಮುಂದೆ ಆಣೆ ಮಾಡಿಸಿ, ಬಿಡ್ತಾನೆ." ದೇವರಲ್ಲಿ ನನಗೂ ಭಕ್ತಿ ಇದೆ. ಆದರೆ ಅಪ್ಪನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ "ಇನ್ನು ಕೈ ನಡುಗಿಸಲ್ಲ ಅಂತ ಆಣೆ ಮಾಡು" ಅನ್ನುತ್ತೀರಾ? ಹೇಳಿ, ಅನ್ನುತ್ತೀರಾ? ಅನ್ನಲ್ಲ! ನಾಚಿಕೆಯಾಗುತ್ತದೆ. ಹಾಗಾದರೆ ಮಗನಿಗೆ ಯಾಕೆ ಅನ್ನುತ್ತೀರಿ? ಅದೇ ಮೆದುಳು. ಅದೇ ಮನೆ. ಅದೇ ರಕ್ತ. ಇದಕ್ಕೆ ಉತ್ತರ ಕೊಡದೆ ದುಡ್ಡಿನ ಲೆಕ್ಕ ಹೇಳಬೇಡಿ, ನಾನು ಕೇಳಲ್ಲ.

ಮನೆಯಲ್ಲಿ ಯಾರಾದರೂ ಸಿಕ್ಕಿಹಾಕಿಕೊಂಡಿದ್ದರೆ 14446ಕ್ಕೆ ಫೋನ್ ಮಾಡಿ, ಸರ್ಕಾರದ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ. ಮುಂದಿನ ವಿಡಿಯೋದಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಬುಪ್ರಿನಾರ್ಫಿನ್ ಮಾತ್ರೆ ಬಗ್ಗೆ ಪೂರ್ತಿ ಮಾತಾಡುತ್ತೇನೆ. ಪ್ರಶ್ನೆ ಇದ್ದರೆ ಕೆಳಗೆ ಬರೆಯಿರಿ.