ಇದ್ದೂ ಸಿಗದ ಕೋಗಿಲೆಗಳು

"ನಾನು ಬರೆದಿಟ್ಟ ಕೋಗಿಲೆಗಳೆಲ್ಲ ಎಲ್ಲಿಗೆ ಹಾರಿಹೋದವು?"

ಫೋನ್ ತೆಗೆದ ಕೂಡಲೇ ಅಕ್ಕ ಕೇಳಿದ ಪ್ರಶ್ನೆ ಇದು. ಕುಶಲ ವಿಚಾರಣೆ ಇಲ್ಲ, ಪೀಠಿಕೆ ಇಲ್ಲ.

ನಮಸ್ಕಾರ. ಈಗ ಪರದೆಯ ಮೇಲೆ ನೀವು ನೋಡುತ್ತಿರುವುದು ನಾನೂ ಅಕ್ಕನೂ ಸೇರಿ ನಡೆಸುವ ಪುಟ್ಟ ಜಾಲತಾಣ. ಕಂಡ ಹಕ್ಕಿಯ ಹೆಸರು, ಕಂಡ ದಿನ, ಎಷ್ಟಿದ್ದವು, ಎಲ್ಲಿದ್ದವು, ಜೊತೆಗೊಂದು ಟಿಪ್ಪಣಿ, ಇಷ್ಟೇ ಅದರ ಸಂಸಾರ. ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ನಾನೇ ಬರೆದ ಕೋಡ್. ಮೇಲೊಂದು ಹುಡುಕು ಪೆಟ್ಟಿಗೆ ಇದೆ, ಪ್ರತಿ ಕಾಲಂನ ತಲೆಯ ಮೇಲೆ ವಿಂಗಡಿಸುವ ಬಾಣ ಇದೆ. ಒಟ್ಟು ಸಾಲುಗಳು ಇನ್ನೂ ಮೂರು ಸಾವಿರ ದಾಟಿಲ್ಲ. ಇಷ್ಟು ಚಿಕ್ಕದರಲ್ಲಿ ಕೆಡಲು ಏನಿದೆ ಎಂದುಕೊಂಡಿದ್ದೆ. ಆದರೆ ಅಕ್ಕ 'ಕೋಗಿಲೆ' ಎಂದು ಹುಡುಕಿದರೆ ಅವಳ ಹಳೆಯ ನಮೂದುಗಳು ಬರುತ್ತಿರಲಿಲ್ಲ.

ಮೊದಲ ಸಂಜೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಬ್ರೌಸರ್‌ನ ಕ್ಯಾಶ್ ಅಳಿಸಿದೆ. ಸರ್ವರ್ ಮರುಚಾಲನೆ ಮಾಡಿದೆ. ಬೇಗ ಹುಡುಕಲೆಂದು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿಯನ್ನು, ಅಂದರೆ ಇಂಡೆಕ್ಸನ್ನು, ಕೆಡವಿ ಮತ್ತೆ ಕಟ್ಟಿದೆ. ಮೂರೂ ಕೈಗೆ ಕೆಲಸ ಕೊಡುತ್ತವೆ, ತಲೆಗೆ ಕೊಡುವುದಿಲ್ಲ. ಅಷ್ಟಾದ ಮೇಲೂ ಕೋಗಿಲೆ ಬರಲಿಲ್ಲ.

ಎರಡನೆಯ ಸಂಜೆ ಬುದ್ಧಿ ಬಂತು. ಡೇಟಾಬೇಸ್‌ಗೆ ನಿಜವಾಗಿ ತಲುಪುತ್ತಿರುವ ಪ್ರಶ್ನೆ ಯಾವುದು ಎಂದು ನೋಡಲು ಹೊರಟೆ. ಕೋಡ್‌ನಲ್ಲಿ ನಾನು ಬರೆದಿದ್ದೇನೆ ಎಂದುಕೊಂಡಿರುವ ಪ್ರಶ್ನೆಯಲ್ಲ, ಅಲ್ಲಿಗೆ ಹೋಗಿ ಮುಟ್ಟಿದ ಪ್ರಶ್ನೆ. ಪೋಸ್ಟ್‌ಗ್ರೆಸ್‌ನ ಸೆಟ್ಟಿಂಗ್‌ಗಳಲ್ಲಿ ಇಂಥ ಪ್ರಶ್ನೆಗಳನ್ನೆಲ್ಲ, ಅಂದರೆ ಕ್ವೆರಿಗಳನ್ನೆಲ್ಲ, ಲಾಗ್ ಎಂಬ ದಾಖಲೆಗೆ ಬರೆಯುವಂತೆ ಹೇಳಬಹುದು. ಹಾಗೆ ಹೇಳಿ, ಲಾಗ್‌ನಿಂದ ಆ ಸಾಲನ್ನು ಎತ್ತಿ, ಡೇಟಾಬೇಸ್‌ನ ಕಪ್ಪು ಪರದೆಯಲ್ಲಿ ನೇರವಾಗಿ ಓಡಿಸಿದೆ. ಅಲ್ಲಿ ಸರಿಯಾದ ಉತ್ತರ ಬಂದರೆ ತಪ್ಪು ನನ್ನ ಪುಟದಲ್ಲಿದೆ. ಅಲ್ಲೂ ಬರದಿದ್ದರೆ ಪುಟವನ್ನು ಮುಟ್ಟುವ ಅಗತ್ಯವೇ ಇಲ್ಲ, ತಪ್ಪು ಕ್ವೆರಿಯಲ್ಲಿ ಇಲ್ಲವೇ ದತ್ತಾಂಶದಲ್ಲಿ. ಒಂದೇ ಏಟಿಗೆ ಅರ್ಧ ಕಾಡು ಕಡಿದಂತಾಯಿತು.

ಅಲ್ಲೂ ಬರಲಿಲ್ಲ. ಇನ್ನೂ ವಿಚಿತ್ರ ಎಂದರೆ, ನಾನು ಲ್ಯಾಪ್‌ಟಾಪ್‌ನಲ್ಲಿ 'ಕೋಗಿಲೆ' ಎಂದು ಹುಡುಕಿದರೆ ಆ ಲ್ಯಾಪ್‌ಟಾಪ್‌ನಲ್ಲೇ ಬರೆದ ನಮೂದುಗಳು ಮಾತ್ರ ಬರುತ್ತಿದ್ದವು. ಅಕ್ಕ ಅವಳ ಮೊಬೈಲ್‌ನಲ್ಲಿ ಹುಡುಕಿದರೆ ಅವಳು ಈಚೆಗೆ ಬರೆದವು ಮಾತ್ರ. ಆ ಮೊಬೈಲ್ ಕೊಳ್ಳುವ ಮೊದಲು ಅವಳು ನನ್ನ ಲ್ಯಾಪ್‌ಟಾಪ್‌ನಲ್ಲೇ ಬರೆಯುತ್ತಿದ್ದಳು, ಆ ಹಳೆಯವು ಅವಳಿಗೆ ಮಾಯ. ಪದ ಅದೇ, ಕಣ್ಣಿಗೆ ಕಾಣುವ ಅಕ್ಷರಗಳೂ ಅವೇ.

ಆ ಎರಡು 'ಕೋಗಿಲೆ'ಗಳ ಉದ್ದ ಎಷ್ಟು ಎಂದು ಡೇಟಾಬೇಸನ್ನೇ ಕೇಳಿದೆ. ಈ ಚಿತ್ರವನ್ನು ಸ್ವಲ್ಪ ನಿಲ್ಲಿಸುತ್ತೇನೆ, ನೋಡಿ. ನನ್ನ ಕೋಗಿಲೆಗೆ 6. ಅಕ್ಕನ ಕೋಗಿಲೆಗೆ 8.

ಶಾಲೆಯಲ್ಲಿ ಕಾಗುಣಿತ ಹೇಳಿಕೊಟ್ಟದ್ದು ನೆನಪಿದೆಯೇ? ಪ್ರತಿ ಅಕ್ಷರಚಿಹ್ನೆಗೂ ಒಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 'ಕೋ' ಬರೆಯಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ. 'ಕ'ಕಾರದ ಮುಂದೆ ಓತ್ವ ಎಂಬ ಒಂದೇ ಸಂಕೇತ ಇಡಬಹುದು. ಅಥವಾ ಎತ್ವ, ಕೊಂಬಿನ ದೀರ್ಘ, ಕೊನೆಗೆ ಬರಿಯ ದೀರ್ಘ ಎಂದು ಮೂರು ಸಂಕೇತಗಳನ್ನು ಸಾಲಾಗಿ ಜೋಡಿಸಬಹುದು. ಪರದೆಯ ಮೇಲೆ ಎರಡೂ ಒಂದೇ 'ಕೋ'. ನನ್ನ ಕೀಲಿಮಣೆ ಮೊದಲನೆಯದನ್ನು ಬರೆಯುತ್ತಿತ್ತು, ಅಕ್ಕನ ಮೊಬೈಲ್ ಎರಡನೆಯದನ್ನು. ಈ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಎಂಬ ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಹಾಗಾಗಿ ನನ್ನ ಹಕ್ಕಿ 18 ಬೈಟ್ ತೂಗಿದರೆ ಅಕ್ಕನದು 24. ಪೋಸ್ಟ್‌ಗ್ರೆಸ್ ಬೈಟ್‌ಗಳನ್ನು ಹೋಲಿಸಿ ನೋಡಿ, ಇವು ಬೇರೆ ಬೇರೆ ಪದಗಳು ಎಂದು ತೀರ್ಪು ಕೊಟ್ಟಿತ್ತು. ಅದರ ಮಟ್ಟಿಗೆ ಅದು ಸರಿಯೇ.

ಇದಕ್ಕೆ ಮದ್ದು ಬಹಳ ಹಿಂದಿನಿಂದಲೇ ಇದೆ, ನಾರ್ಮಲೈಸೇಶನ್ ಎನ್ನುತ್ತಾರೆ. ಒಂದೇ ಅಕ್ಷರದ ಹಲವು ಬರಹಗಳನ್ನು ಒಂದೇ ರೂಪಕ್ಕೆ ತರುವುದು. ಅದರಲ್ಲಿ ಎನ್‌ಎಫ್‌ಸಿ ಎಂಬ ರೂಪವು ಬಿಡಿ ಸಂಕೇತಗಳನ್ನು ಕೂಡಿಸಿಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೇ ಆವೃತ್ತಿಯಿಂದ ಇದಕ್ಕೆಂದೇ ಒಂದು ಫಂಕ್ಷನ್ ಇದೆ. ಉಳಿಸುವ ಮೊದಲು ಒಮ್ಮೆ, ಹುಡುಕುವ ಮೊದಲು ಒಮ್ಮೆ, ಎರಡೂ ಕಡೆ ಅದನ್ನು ಓಡಿಸಬೇಕು. ಒಂದೇ ಕಡೆ ಮಾಡಿದರೆ ಅಕ್ಕ ಮತ್ತೆ ಫೋನ್ ಮಾಡುತ್ತಾಳೆ. ಅದರ ಜೊತೆಗೇ ಪದದ ಹಿಂದೆಮುಂದೆ ಅಂಟಿಕೊಂಡ ಖಾಲಿ ಜಾಗವನ್ನೂ ಕತ್ತರಿಸಿದೆ. ಅಕ್ಷರಗಳ ನಡುವೆ ಅಡಗಿ ಕೂರುವ, ಅಗಲವೇ ಇಲ್ಲದ ಜೋಡಕಗಳನ್ನು ಹುಡುಕುವ ಪದದಿಂದಲೂ, ಹೋಲಿಸುವ ಪ್ರತಿಯಿಂದಲೂ ತೆಗೆದೆ. ನಕಲು ಮಾಡಿ ಅಂಟಿಸಿದ ಕನ್ನಡ ಪಠ್ಯದಲ್ಲಿ ಅವು ಬೇಕಾದಷ್ಟಿರುತ್ತವೆ.

ಹಳೆಯ ಸಾಲುಗಳನ್ನೂ ಒಂದೇ ಆದೇಶದಲ್ಲಿ ತಿದ್ದಿದೆ. ಕೋಗಿಲೆಗಳೆಲ್ಲ ಬಂದವು. ಆದರೆ ಮುಖಪುಟದ ಪಟ್ಟಿ ಚೆಲ್ಲಾಪಿಲ್ಲಿ.

ಇದುವರೆಗೆ ದಿನಾಂಕದ ಪ್ರಕಾರ ನೀಟಾಗಿ ನಿಂತಿದ್ದ ಸಾಲುಗಳಲ್ಲಿ, ನಾನು ಈಗತಾನೆ ತಿದ್ದಿದ ನಮೂದುಗಳು ಗುಂಪಾಗಿ ಪಟ್ಟಿಯ ಕೊನೆಗೆ ಹೋಗಿ ಕೂತಿದ್ದವು. ದಿನಾಂಕದ ಬಾಣ ಒತ್ತಿದೆ. ಕದಲಲಿಲ್ಲ. ತಿರುಗಿಸಿ ಒತ್ತಿದೆ. ಆಗಲೂ ಇಲ್ಲ. ದೋಷ ಇದ್ದರೆ ಕೆಂಪು ಅಕ್ಷರದಲ್ಲಿ ಬಯ್ಯಬೇಕಲ್ಲವೇ? ಅದೂ ಇಲ್ಲ.

ಮತ್ತೆ ಲಾಗ್. ನನ್ನ ಕ್ವೆರಿಯ ಕೊನೆಯಲ್ಲಿ 'ಆರ್ಡರ್ ಬೈ' (ಇದರ ಪ್ರಕಾರ ಜೋಡಿಸು) ಇದೆ, ಅದರ ಮುಂದೆ ಒಂದು ಪ್ಯಾರಾಮೀಟರ್, ಅದರ ಮೌಲ್ಯ 'ದಿನಾಂಕ'. ನೋಡಿದ ತಕ್ಷಣ ನಾಚಿಕೆಯಾಯಿತು. ಹಿಂದೊಮ್ಮೆ ಬಾಣ ಒತ್ತಿದಾಗ ಬರುವ ಕಾಲಂ ಹೆಸರನ್ನು ಕ್ವೆರಿಗೆ ನೇರವಾಗಿ ಅಂಟಿಸುತ್ತಿದ್ದೆ. ಅದು ಎಸ್‌ಕ್ಯೂಎಲ್ (ಕ್ವೆರಿ ಬರೆಯುವ ಭಾಷೆ) ಇಂಜೆಕ್ಷನ್‌ಗೆ, ಅಂದರೆ ಹೊರಗಿನವರು ತಮ್ಮ ಆದೇಶವನ್ನು ಕ್ವೆರಿಯೊಳಗೆ ತುರುಕುವುದಕ್ಕೆ, ಬಾಗಿಲು ತೆರೆದಿಟ್ಟಂತೆ ಎಂದು ಗೊತ್ತಾದ ಮೇಲೆ, ಬಹಳ ಜವಾಬ್ದಾರಿಯಿಂದ ಎಲ್ಲವನ್ನೂ ಪ್ಯಾರಾಮೀಟರ್ ಮಾಡಿದ್ದೆ. ಪ್ಯಾರಾಮೀಟರ್ ಎಂದರೆ ಮೌಲ್ಯ, ಕಾಲಂನ ಹೆಸರಲ್ಲ. ಹಾಗಾಗಿ ಡೇಟಾಬೇಸ್‌ಗೆ ನಾನು ಹೇಳುತ್ತಿದ್ದದ್ದು "ಪ್ರತಿ ಸಾಲನ್ನೂ 'ದಿನಾಂಕ' ಎಂಬ ಪದದ ಪ್ರಕಾರ ಜೋಡಿಸು" ಎಂದು. ಎಲ್ಲ ಸಾಲಿಗೂ ಅದೇ ಪದ. ಎಲ್ಲರೂ ಸಮಾನರಾದ ಕಡೆ ಯಾರು ಯಾರನ್ನು ದಾಟಿ ಮುಂದೆ ಹೋಗಬೇಕು? ಅದು ಸಾಲುಗಳನ್ನು ಇದ್ದ ಹಾಗೆಯೇ ಕೊಟ್ಟು ಸುಮ್ಮನಾಗುತ್ತಿತ್ತು.

ಹಾಗಾದರೆ ಇಷ್ಟು ದಿನ ಸರಿಯಾಗಿ ಕಂಡದ್ದು ಹೇಗೆ? ನಾವು ದಿನದ ಪ್ರಕಾರವೇ ಬರೆಯುತ್ತ ಬಂದಿದ್ದೆವು, ಸಾಲುಗಳು ಡಿಸ್ಕ್‌ನಲ್ಲಿ ಆ ಕ್ರಮದಲ್ಲೇ ಬಿದ್ದಿದ್ದವು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದರೆ ಅದು ಹಳೆಯದರ ಮೇಲೆ ಬರೆಯುವುದಿಲ್ಲ, ಹೊಸ ಪ್ರತಿಯೊಂದನ್ನು ಜಾಗ ಇದ್ದಲ್ಲಿ ಇಡುತ್ತದೆ. ಕೋಗಿಲೆಗಳನ್ನು ತಿದ್ದಿದ ದಿನ ಬಣ್ಣ ಬಯಲಾಯಿತು. 1970ರಲ್ಲಿ ಎಡ್ಗರ್ ಕಾಡ್ ಈ ಬಗೆಯ ಡೇಟಾಬೇಸ್‌ಗಳ ಬುನಾದಿಯಾದ ರಿಲೇಶನಲ್ ಮಾದರಿಯನ್ನು ಮುಂದಿಟ್ಟಾಗಲೇ ಸಾಲುಗಳ ಕ್ರಮಕ್ಕೆ ಯಾವ ಅರ್ಥವೂ ಇಲ್ಲ ಎಂಬುದು ಅದರಲ್ಲಿತ್ತು. ನನಗೆ ತಲುಪುವುದು ತಡವಾಯಿತು.

ಈಗ ಕೋಡ್‌ನಲ್ಲಿ ಒಂದು ಚಿಕ್ಕ ಪಟ್ಟಿ ಇದೆ: ವಿಂಗಡಿಸಲು ಒಪ್ಪುವ ಕಾಲಂಗಳು ಇವಿಷ್ಟೇ. ಬಾಣದಿಂದ ಬಂದ ಹೆಸರು ಆ ಪಟ್ಟಿಯಲ್ಲಿದ್ದರೆ ಮಾತ್ರ ಪಟ್ಟಿಯಲ್ಲಿರುವ ಹೆಸರನ್ನು ಕ್ವೆರಿಗೆ ಸೇರಿಸುತ್ತೇನೆ. ಇಲ್ಲದಿದ್ದರೆ ದಿನಾಂಕ.

ಬಾಣ ಕೆಲಸ ಮಾಡಿತು ಎಂದು ಸಂಖ್ಯೆಯ ಕಾಲಂ ಒತ್ತಿದೆ. ದೊಡ್ಡದು ಮೊದಲು ಬರಬೇಕು. ಬಂದದ್ದು ಹೀಗೆ: 'ಸುಮಾರು 30', 9, 87, 8, 700, 60. ಒಂಬತ್ತು ಗುಬ್ಬಿಗಳು ಏಳುನೂರು ಬೆಳ್ಳಕ್ಕಿಗಳನ್ನು ಹಿಂದೆ ಹಾಕಿದ್ದವು.

ಇದು ಈ ವಿಷಯದ ಅತ್ಯಂತ ಹಳೆಯ ಕಥೆ. ಆ ಕಾಲಂ ಅಂಕಿಯದಲ್ಲ, ಪಠ್ಯದ್ದು. ಪಠ್ಯವಾದರೆ ಮೊದಲ ಅಕ್ಷರ ನೋಡಿಯೇ ತೀರ್ಮಾನ, 9 ಎಂಬುದು 7ಕ್ಕಿಂತ ದೊಡ್ಡದು, ಹಿಂದೆ ಎಷ್ಟು ಸೊನ್ನೆ ಇದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಪಠ್ಯ ಯಾಕೆ ಮಾಡಿದ್ದೆ? ಹಿಂಡಿನಲ್ಲಿ ಹಾರುವ ಹಕ್ಕಿಗಳನ್ನು ಎಣಿಸಲಾಗುವುದಿಲ್ಲ, 'ಸುಮಾರು' ಎಂದು ಬರೆಯಲು ಬಿಡು ಎಂದು ಅಕ್ಕ ಹಟ ಹಿಡಿದಿದ್ದಳು. ಅವಳು ಹೇಳಿದ್ದು ಸರಿ. ನಾನು ಮಾಡಿದ್ದು ತಪ್ಪು. ಈಗ ಅಂಕಿಗೆ ಒಂದು ಕಾಲಂ, 'ಸುಮಾರು' ಹೌದೋ ಅಲ್ಲವೋ ಎಂಬುದಕ್ಕೆ ಇನ್ನೊಂದು. ಬದಲಾಯಿಸುವಾಗ ಇನ್ನೊಂದು ಮುಳ್ಳು ಸಿಕ್ಕಿತು. ಅಕ್ಕ ಕೆಲವು ಕಡೆ ಕನ್ನಡ ಅಂಕಿ ಬಳಸಿದ್ದಳು. '೩೦' ಎಂಬುದನ್ನು ಪೋಸ್ಟ್‌ಗ್ರೆಸ್ ಸಂಖ್ಯೆ ಎಂದು ಒಪ್ಪುವುದಿಲ್ಲ, ದೋಷ ಎನ್ನುತ್ತದೆ. ಮೊದಲು ಅವನ್ನು ಪರಿವರ್ತಿಸಿ ಆಮೇಲೆ ಮುಂದುವರಿದೆ. ನೀವು ಡೇಟಾಬೇಸನ್ನು ಬಿಟ್ಟು ಬ್ರೌಸರ್‌ನಲ್ಲೇ ವಿಂಗಡಿಸುವವರಾದರೆ ಜಾವಾಸ್ಕ್ರಿಪ್ಟ್‌ನ ಸಾರ್ಟ್ ಕೂಡ ಹೀಗೆಯೇ, ಹೋಲಿಸುವ ನಿಯಮ ಕೊಡದಿದ್ದರೆ 10 ಎಂಬುದನ್ನು 2ಕ್ಕಿಂತ ಮೊದಲು ಇಡುತ್ತದೆ. ಅದಕ್ಕಿಂತ ಮುಖ್ಯ, ಅಲ್ಲಿ ವಿಂಗಡಣೆಯಾಗುವುದು ಕಣ್ಣ ಮುಂದಿರುವ ಇಪ್ಪತ್ತು ಸಾಲು ಮಾತ್ರ.

ಅಂಕಿ ಸರಿಯಾಯಿತು. ಈಗ ದೊಡ್ಡದು ಮೊದಲು ಎಂದರೆ, ಸಂಖ್ಯೆಯನ್ನೇ ಬರೆಯದ ಸಾಲುಗಳು ಮೇಲೆ ಬಂದು ಕೂತವು! ಪೋಸ್ಟ್‌ಗ್ರೆಸ್ ನಲ್ ಅನ್ನು, ಅಂದರೆ ಏನೂ ಬರೆಯದ ಖಾಲಿ ಜಾಗವನ್ನು, ಎಲ್ಲಕ್ಕಿಂತ ದೊಡ್ಡದು ಎಂದು ಭಾವಿಸುತ್ತದೆ. ಮೈಎಸ್‌ಕ್ಯೂಎಲ್, ಎಸ್‌ಕ್ಯೂಲೈಟ್ ಎಂಬ ಬೇರೆ ಡೇಟಾಬೇಸ್‌ಗಳಲ್ಲಿ ಅದೇ ನಲ್ ಎಲ್ಲಕ್ಕಿಂತ ಚಿಕ್ಕದು. 'ನಲ್ಸ್ ಲಾಸ್ಟ್' (ಖಾಲಿಯವು ಕೊನೆಗೆ) ಎಂದು ಸೇರಿಸಿ ಮುಗಿಸಿದೆ.

ಆಮೇಲೆ ಮರಕುಟಿಕ. ಮೊದಲ ಪುಟದ ಕೊನೆಯಲ್ಲಿ ಕಂಡ ಮರಕುಟಿಕ ಎರಡನೆಯ ಪುಟದಲ್ಲೂ ಇತ್ತು, ಅದೇ ದಿನ ಕಂಡ ಮಿಂಚುಳ್ಳಿ ಯಾವ ಪುಟದಲ್ಲೂ ಇರಲಿಲ್ಲ. ಒಂದೇ ದಿನ ಹಲವು ಹಕ್ಕಿಗಳು ಇದ್ದಾಗ ಅವುಗಳೊಳಗಿನ ಕ್ರಮ ಏನು ಎಂದು ನಾನು ಹೇಳಿರಲಿಲ್ಲ. ಪ್ರತಿ ಪುಟಕ್ಕೂ ಬೇರೆ ಕ್ವೆರಿ ಹೋಗುತ್ತದೆ, ಪ್ರತಿ ಸಲವೂ ಡೇಟಾಬೇಸ್ ತನಗೆ ತೋಚಿದಂತೆ ಜೋಡಿಸುವ ಸ್ವಾತಂತ್ರ್ಯ ಹೊಂದಿದೆ. ದಿನಾಂಕದ ನಂತರ ಸಾಲಿನ ಕ್ರಮಸಂಖ್ಯೆಯನ್ನೂ ಸೇರಿಸಿದೆ. ಎರಡು ಸಾಲು ಸಮಾನವಾಗುವ ಸಂದರ್ಭವೇ ಈಗ ಇಲ್ಲ, ಮಿಂಚುಳ್ಳಿ ಮರಳಿ ಬಂತು.

ಕನ್ನಡದವರಿಗೆ ಮಾತ್ರ ಚುಚ್ಚುವ ತೊಂದರೆಯೊಂದು ಉಳಿದಿತ್ತು. ಸ್ಥಳದ ಕಾಲಂ ವಿಂಗಡಿಸಿದರೆ ಹೊಲ, ಹೊಳೆ, ಹೊಸ ತೋಟ ಎಂದು ಬರುತ್ತಿತ್ತು. ವರ್ಣಮಾಲೆ ಬಾಯಿಪಾಠ ಮಾಡಿದವರಿಗೆ ಗೊತ್ತು, 'ಳ' ಬರುವುದು 'ಹ' ಆದ ಮೇಲೆ. ಆದರೆ ಯೂನಿಕೋಡ್‌ನ ಸಂಕೇತ ಸಂಖ್ಯೆಯಲ್ಲಿ 'ಲ' ಆದ ಕೂಡಲೇ 'ಳ' ಇದೆ, 'ವ'ಕಾರಕ್ಕೂ ಮೊದಲು. ನನ್ನ ಡೇಟಾಬೇಸ್ ಬರಿಯ ಬೈಟ್ ಕ್ರಮದ ಕೊಲೇಶನ್‌ನಲ್ಲಿ, ಅಂದರೆ ವಿಂಗಡಣೆಯ ನಿಯಮದಲ್ಲಿ, ಓಡುತ್ತಿತ್ತು. 2017ರ 10ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಐಸಿಯು ಎಂಬ ತಂತ್ರಾಂಶದ ಕೊಲೇಶನ್‌ಗಳನ್ನು ಬಳಸಬಲ್ಲದು, ಕನ್ನಡದ್ದೂ ಅದರಲ್ಲಿದೆ. ಅದನ್ನು ಕೊಟ್ಟ ಮೇಲೆ ಹೊಲ, ಹೊಸ ತೋಟ, ಹೊಳೆ. ಕೋಡ್ ಬರೆಯುವವರಿಗೆ ಇದು ಅಲ್ಪ ವಿಷಯ ಅನ್ನಿಸಬಹುದು. ನಿಘಂಟು ತೆರೆದು ಬೆಳೆದವರಿಗೆ ಹಲ್ಲಿನಲ್ಲಿ ಸಿಕ್ಕಿದ ನಾರು.

ಚಿಲ್ಲರೆ ಕೆಲಸಗಳೂ ಇದ್ದವು. ಆರನೆಯ ಪುಟದಲ್ಲಿದ್ದು ಹೊಸದಾಗಿ ಹುಡುಕಿದರೆ, ಪುಟದ ಸಂಖ್ಯೆ ಆರಲ್ಲೇ ಉಳಿದು "ಫಲಿತಾಂಶ ಇಲ್ಲ" ಎನ್ನುತ್ತಿತ್ತು. ಹುಡುಕುವ ಪದದಲ್ಲಿ % ಅಥವಾ _ ಇದ್ದರೆ ಹೋಲಿಕೆ ನೋಡುವ 'ಲೈಕ್' ಆದೇಶ ಅವನ್ನು 'ಏನಾದರೂ ಸರಿ' ಎಂದು ಓದುತ್ತದೆ, ಅವಕ್ಕೆ ತಡೆ ಹಾಕಿದೆ. ವೇಗದ ಗೋಜಿಗೆ ಹೋಗಲಿಲ್ಲ. ಪದದ ಎರಡೂ ಕಡೆ % ಇದ್ದರೆ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬಾರದು ಎಂಬುದು ನಿಜ, ಆದರೆ ಮೂರು ಸಾವಿರ ಸಾಲಿಗೆ ಇಂಡೆಕ್ಸ್ ಇಲ್ಲದಿದ್ದರೂ ನಡೆಯುತ್ತದೆ. ಇಷ್ಟಕ್ಕೆ ಬೇರೆಯೇ ಹುಡುಕು ಯಂತ್ರ ತಂದು ಕೂರಿಸುವವರನ್ನು ಕಂಡರೆ ನನಗೆ ಅಚ್ಚರಿ.

ಎಲ್ಲ ಮುಗಿಸಿ ಅಕ್ಕನಿಗೆ ಹೇಳಿದೆ, ಈಗ ಹುಡುಕಿ ನೋಡು.

ಹತ್ತು ನಿಮಿಷಕ್ಕೆ ಫೋನ್ ಬಂತು. ದನಿ ಬಹಳ ಶಾಂತವಾಗಿತ್ತು. "ಕೋಗಿಲೆಗಳು ಬಂದಿವೆ. ಜೊತೆಗೆ ನೀನು ಬರೆದ ಇನ್ನೊಂದೂ ಬಂದಿದೆ. ಓದಲೇ?"

ಅದು ಪ್ರಕಟಿಸದೆ ಇಟ್ಟ ಕರಡು. ಗಂಡು ಕೋಗಿಲೆ ಪೂರ್ತಿ ಕಪ್ಪು, ದೂರದಿಂದ ಕಾಗೆಯಂತೆಯೇ ಕಾಣುತ್ತದೆ ಎಂಬುದು ನಿಜ. ಆದರೆ ನಾನು ಬರೆದಿದ್ದದ್ದು: "ಇದು ಕೋಗಿಲೆ ಅಲ್ಲ, ಕಾಗೆ. ಅಕ್ಕ ಕನ್ನಡಕ ಹಾಕಿರಲಿಲ್ಲ, ಒಪ್ಪಿಕೊಳ್ಳುವವಳೂ ಅಲ್ಲ."

ಕ್ವೆರಿ ನೋಡಿದೆ. 'ಕರಡು ಆಗಿರಬಾರದು' ಆಂಡ್ (ಮತ್ತು) 'ಹೆಸರಿನಲ್ಲಿ ಪದ ಇರಬೇಕು' ಆರ್ (ಅಥವಾ) 'ಟಿಪ್ಪಣಿಯಲ್ಲಿ ಪದ ಇರಬೇಕು'. ಕೂಡುವುದಕ್ಕಿಂತ ಮೊದಲು ಗುಣಿಸುವಂತೆ, ಎಸ್‌ಕ್ಯೂಎಲ್ 'ಆರ್'ಗಿಂತ ಮೊದಲು 'ಆಂಡ್' ಬಿಡಿಸುತ್ತದೆ. ಹಾಗಾಗಿ ಟಿಪ್ಪಣಿಯಲ್ಲಿ ಪದ ಸಿಕ್ಕರೆ ಸಾಕು, ಕರಡೂ ಹೊರಗೆ ಬರುತ್ತದೆ. ಕೊನೆಯ ಎರಡನ್ನು ಒಂದು ಆವರಣದೊಳಗೆ ಹಾಕಬೇಕಿತ್ತು. ಇಷ್ಟು ದಿನ ಅಕ್ಕನ ಕೋಗಿಲೆಗೂ ನನ್ನ ಕೋಗಿಲೆಗೂ ಹೊಂದಾಣಿಕೆ ಆಗದೆ ಇದ್ದುದರಿಂದಲೇ ಆ ಕರಡು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮೊದಲ ದೋಷ ಎರಡನೆಯದರಿಂದ ನನ್ನನ್ನು ಕಾಯುತ್ತಿತ್ತು. ಅದನ್ನು ನಾನೇ ಕಷ್ಟಪಟ್ಟು ಸರಿಪಡಿಸಿದ್ದೆ.

ಆವರಣ ಹಾಕಿದ್ದೇನೆ, ಕರಡನ್ನೂ ಅಳಿಸಿದ್ದೇನೆ. ಅಕ್ಕನ ಬಳಿ ಸ್ಕ್ರೀನ್‌ಶಾಟ್ ಇದೆ.